ಹೊಸ ಚೂರಿಗೆ ಹರಿತ ಕೊಡುವುದು ನಾವೇ

ಕಸಿ ಕಟ್ಟಲೆಂದು ಪೇಟೆಯಿಂದ ಹೊಸ ಮಡಚುವ ಚೂರಿ ತಂದು, ಎರಡು ಕಡ್ಡಿ ಕೆತ್ತುವಷ್ಟರಲ್ಲಿ 'ಇದು ಬೆಣ್ಣೆಯನ್ನೂ ಕೊಯ್ಯಲಿಕ್ಕಿಲ್ಲ ಮಾರಾಯ್ರೆ' ಎಂದು ಮೂಲೆಗೆ ಹಾಕಿದವರು ನಮ್ಮಲ್ಲಿ ಕಡಿಮೆ ಇಲ್ಲ. ಬೈಗುಳ ಅಂಗಡಿಯವನಿಗೆ. ಕೆಲವರು ಅದಕ್ಕಿಂತ ದುಬಾರಿಯದ್ದು ತರುತ್ತಾರೆ. ಅದರದ್ದೂ ಹೆಚ್ಚುಕಡಿಮೆ ಇದೇ ಕತೆ.

ಚೂರಿ ಕೆಟ್ಟದ್ದೆಂದು ಹೇಳುವ ಮೊದಲು ಒಂದು ವಿಷಯ ತಿಳಿದಿರಬೇಕು. ಅಗ್ಗದ ಚೂರಿಗಳಿಗೆ ಕಾರ್ಖಾನೆಯಲ್ಲಿ ಓಡುವ ಪಟ್ಟಿಗೋ ಚಕ್ರಕ್ಕೋ ಹಿಡಿದು ಕೆಲವೇ ಕ್ಷಣಗಳಲ್ಲಿ ಬಾಯಿ ಮಾಡುತ್ತಾರೆ. ಎರಡು ಬದಿಗಳು ತುದಿಯಲ್ಲಿ ಸರಿಯಾಗಿ ಕೂಡಿರುವುದಿಲ್ಲ, ಇಲ್ಲವೇ ಬಾಯಿಯ ಹಿಂದಿನ ಭಾಗ ತೀರ ದಪ್ಪ ಉಳಿದಿರುತ್ತದೆ. ಇನ್ನೊಂದು ತೊಂದರೆ, ಮಸೆಯುವಾಗ ತುದಿಯಲ್ಲಿ ಏಳುವ ತೆಳ್ಳಗಿನ ಲೋಹದ ಎಳೆ. ನಾವಿದಕ್ಕೆ ಮುಳ್ಳು ಎನ್ನೋಣ. ಅದನ್ನು ತೆಗೆಯದೆ ಪೆಟ್ಟಿಗೆಗೆ ಹಾಕಿರುತ್ತಾರೆ. ಮುಳ್ಳು ಇರುವ ಚೂರಿ ಮೊದಲ ಎರಡು ಕಡ್ಡಿಗೆ ಹರಿತ, ಮೂರನೆಯದಕ್ಕೆ ಮೊಂಡು. ಯಾಕೆಂದರೆ ಆ ಎಳೆ ಮಡಚಿ ಮಲಗಿಬಿಡುತ್ತದೆ. ಅಂದರೆ ನಾವು ಕೊಂಡು ತಂದದ್ದು ಚೂರಿಯ ಆಕಾರ ಮಾತ್ರ. ಬಾಯಿಯನ್ನು ಮನೆಯಲ್ಲೇ ಮಾಡಿಕೊಳ್ಳಬೇಕು.

ಹಿಂದೆ ಕಾಲಲ್ಲಿ ತುಳಿಯುವ ಸಾಣೆಚಕ್ರ ಹೊತ್ತುಕೊಂಡು ಮನೆಬಾಗಿಲಿಗೆ ಬರುವವರಿದ್ದರು, ಊರಿಗೊಂದು ಕುಲುಮೆಯೂ ಇತ್ತು. ನಮ್ಮ ಕಡೆ ಈಗ ಎರಡೂ ಅಪರೂಪ. ಕಲಿತುಕೊಳ್ಳದೆ ನಿರ್ವಾಹವಿಲ್ಲ.

ಕಸಿಗೆ ಇದು ಯಾಕೆ ಮುಖ್ಯ?

ಅಡಿಗೆಮನೆಯಲ್ಲಿ ಮೊಂಡು ಚೂರಿಯಿಂದ ಹಾಳಾಗುವುದು ಟೊಮೆಟೊ. ಕಸಿಯಲ್ಲಿ ಹಾಳಾಗುವುದು ಒಂದು ವರ್ಷ. ಒಳ್ಳೆಯ ಮರದಲ್ಲಿ ಹದಕ್ಕೆ ಬಂದ ಕಸಿಕಡ್ಡಿ ಸಿಗುವುದೇ ಕೆಲವು. ಗೇರಿನ ಮೃದುಕಾಂಡ ಕಸಿಯಲ್ಲಿ ಬೇರುಸಸಿಗೆ 6-7 ಸೆಂ.ಮೀ. ಸೀಳು ಕೊಟ್ಟು, ಅಷ್ಟೇ ಉದ್ದಕ್ಕೆ ಕಡ್ಡಿಯನ್ನು ಬೆಣೆಯಂತೆ ಕೆತ್ತಿ ಒಳಗೆ ಇಳಿಸುತ್ತೇವೆ. ಕೂಡಿಕೊಳ್ಳುವುದು ಇಡೀ ಮರವಲ್ಲ, ತೊಗಟೆಯ ಕೆಳಗಿರುವ ಹಸಿಹಸಿ ತೆಳುಪದರ ಮಾತ್ರ. ಎರಡೂ ಕಡೆಯ ಈ ಪದರ ಒಂದಕ್ಕೊಂದು ತಾಗಿ ಕುಳಿತರೆ ಕಸಿ ಹಿಡಿಯಿತು. ಮೊಂಡು ಚೂರಿ ಅದನ್ನು ಕೊಯ್ಯುವುದಿಲ್ಲ, ಜಜ್ಜುತ್ತದೆ. ಒಂದೇ ಎಳೆತಕ್ಕೆ ಬರಬೇಕಾದ ಓರೆ ಮೂರು ಸಲ ಕೆತ್ತಿ ಅಲೆಅಲೆಯಾಗುತ್ತದೆ.

ನಂಬಿಕೆ ಬಾರದಿದ್ದರೆ ಹೀಗೆ ನೋಡಿ. ಬೇಲಿಯ ಗೊಬ್ಬರದ ಗಿಡದಿಂದ ಪೆನ್ಸಿಲ್ ಗಾತ್ರದ ಎರಡು ಕಡ್ಡಿ ತನ್ನಿ. ಎರಡಕ್ಕೂ ಒಂದೇ ರೀತಿ ಉದ್ದದ ಓರೆ ಕೊಯ್ದು, ಕೊಯ್ದ ಮುಖಗಳನ್ನು ಜೋಡಿಸಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ತೂರಿ ಬಂದರೆ ಕಸಿ ಕಟ್ಟಿದಾಗ ಅಲ್ಲಿ ಉಳಿಯುವುದು ಗಾಳಿ, ಮಳೆಗಾಲದಲ್ಲಿ ನೀರು. ಚೂರಿ ಮಸೆದ ಮೇಲೆ ಇನ್ನೊಮ್ಮೆ ಇದನ್ನೇ ಮಾಡಿ ನೋಡಿ.

ಕೈಗಾಯದ ಮಾತೂ ಇದೆ. ಮೊಂಡು ಚೂರಿಗೆ ಬಲ ಹಾಕಬೇಕು, ಬಲ ಹಾಕಿದ ಚೂರಿಯೇ ಜಾರುವುದು. ಮಡಚುವ ಚೂರಿಗಳಲ್ಲಿ ಹೆಚ್ಚಿನವಕ್ಕೆ ಬೀಗ ಇರುವುದಿಲ್ಲ, ಮೊನೆ ಊರಿ ಒತ್ತಿದರೆ ಬೆರಳಿನ ಮೇಲೆಯೇ ಮಡಚಿಕೊಳ್ಳುತ್ತದೆ.

ಕಲ್ಲು

ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಬದಿ ಒರಟು, ಇನ್ನೊಂದು ಬದಿ ನಯ ಇರುವ ಕಾರ್ಬೊರಂಡಂ ಕಲ್ಲು ಸಿಗುತ್ತದೆ. ಇದು ಬಂಡೆಯಿಂದ ಕಡಿದದ್ದಲ್ಲ. ಮರಳು ಮತ್ತು ಕೋಕ್ ಇದ್ದಿಲನ್ನು ವಿದ್ಯುತ್ ಕುಲುಮೆಯಲ್ಲಿ ಕಾಯಿಸಿ ಮಾಡಿದ ಹರಳುಗಳನ್ನು ಅಂಟಿಸಿದ್ದು. ಅಮೆರಿಕದ ಎಡ್ವರ್ಡ್ ಅಚೆಸನ್ 1890ರ ದಶಕದ ಆರಂಭದಲ್ಲಿ ಈ ದಾರಿ ಕಂಡುಕೊಂಡ. ಸುಮಾರು ಒಂದು ಗೇಣು ಉದ್ದದ ಕಲ್ಲು ಕೊಳ್ಳಿ, ಬೆರಳುದ್ದದ್ದು ಕೈ ಪಳಗಿದವರಿಗೆ. ನೀರು ಹಾಕುವುದಾದರೆ ಯಾವಾಗಲೂ ನೀರೇ ಇರಲಿ. ಒಮ್ಮೆ ಎಣ್ಣೆ ಕುಡಿದ ಕಲ್ಲಿಗೆ ಮತ್ತೆ ನೀರು ಹಿಡಿಯುವುದಿಲ್ಲ. ನಾನು ನೀರನ್ನೇ ಬಳಸುತ್ತೇನೆ, ತೋಟದಲ್ಲಿ ಅದಕ್ಕೇನು ಬರವಿಲ್ಲ.

ಕಲ್ಲಿಗೆ ಹಣ ಹಾಕಲು ಮನಸ್ಸಿಲ್ಲದಿದ್ದರೆ ಪೈಂಟಿನವರು ಬಳಸುವ ವಾಟರ್ ಪೇಪರ್ ಸಾಕು. 400 ಮತ್ತು 1000 ನಂಬ್ರದ್ದು ಒಂದೊಂದು ಹಾಳೆ ತಂದು, ಒದ್ದೆ ಮಾಡಿ ದಪ್ಪ ಗಾಜಿನ ತುಂಡಿನ ಮೇಲೆ ಮಲಗಿಸಿ. ಅಂಕಿ ಹೆಚ್ಚಿದಷ್ಟೂ ನಯ. ಇದರ ಮೇಲೆ ಚೂರಿಯನ್ನು ಬೆನ್ನಿನ ಕಡೆಗೆ ಮಾತ್ರ ಎಳೆಯಬೇಕು, ಬಾಯಿ ಮುಂದೆ ಮಾಡಿ ದೂಡಿದರೆ ಕಾಗದ ಹರಿಯುತ್ತದೆ.

ವಿದ್ಯುತ್ ಗ್ರೈಂಡರ್‌ಗೆ ಮಾತ್ರ ಕೊಡಬೇಡಿ. ಕಿಡಿ ಹಾರಿಸಿ ಒಂದು ನಿಮಿಷದಲ್ಲಿ ಬಾಯಿ ಕೊಡುತ್ತಾರೆ ನಿಜ. ಆದರೆ ತೆಳ್ಳಗಿನ ತುದಿ ನೀಲಿ ಬಣ್ಣಕ್ಕೆ ತಿರುಗಿತೆಂದರೆ ಅಲ್ಲಿಯ ಶಾಖ ಸುಮಾರು 300 ಡಿಗ್ರಿ ಮುಟ್ಟಿದೆ ಎಂದು ಅರ್ಥ. ಸಾಮಾನ್ಯ ಕಬ್ಬಿಣದ ಚೂರಿಗೆ ಕೊಟ್ಟ ಹದ ಅಷ್ಟಕ್ಕೇ ಸಡಿಲಾಗುತ್ತದೆ. ಆಮೇಲೆ ಎಷ್ಟು ಮಸೆದರೂ ಹರಿತ ಅರ್ಧ ಗಂಟೆ ನಿಲ್ಲುವುದಿಲ್ಲ.

ಎಷ್ಟು ಓರೆ?

ಮಸೆಯಲು ಹೊರಟವರಿಗೆ ತಲೆಕೆಡುವುದು ಇಲ್ಲಿಯೇ. ನಾನು ಅನುಸರಿಸುವ ಲೆಕ್ಕ ಸುಲಭದ್ದು. ಅಲಗಿನ ಅಗಲದ ಮೂರನೇ ಒಂದು ಪಾಲಿನಷ್ಟು ಬೆನ್ನನ್ನು ಕಲ್ಲಿನಿಂದ ಮೇಲೆತ್ತಿದರೆ ಸುಮಾರು 20 ಡಿಗ್ರಿ ಆಗುತ್ತದೆ. ನನ್ನ ಚೂರಿಯ ಅಗಲ 18 ಮಿ.ಮೀ., ಹಾಗಾಗಿ ಎತ್ತುವುದು 6 ಮಿ.ಮೀ. ಕಿಸೆಯ ಚೂರಿಗೆ ಇದು ಸರಿಯಾದ ಓರೆ. ಸೌದೆ ಕಡಿಯುವ ಕತ್ತಿಗೆ ಅಗಲದ ಅರ್ಧದಷ್ಟು ಎತ್ತಬಹುದು, ಪೆಟ್ಟು ತಡೆದುಕೊಳ್ಳುತ್ತದೆ.

ಕಲ್ಲಿಗೆ ಹಿಡಿಯುವ ಮೊದಲು ಬಾಯಿಯ ಓರೆಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿಯಿರಿ. ನಾಲ್ಕು ಸಲ ಎಳೆದು ನೋಡಿ. ಕಪ್ಪು ತುದಿಯಲ್ಲಿ ಉಳಿದು ಹಿಂದೆ ಹೋಗಿದ್ದರೆ ಬೆನ್ನು ಇನ್ನೂ ಎತ್ತಬೇಕು. ತುದಿಯಲ್ಲಿ ಮಾತ್ರ ಹೋಗಿದ್ದರೆ ತುಸು ಇಳಿಸಬೇಕು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ.

ಕಸಿಯ ಚೂರಿಗೆಂದೇ ಮಾಡಿದ ಕೆಲವಕ್ಕೆ ಒಂದು ಬದಿಗೆ ಮಾತ್ರ ಓರೆ ಇರುತ್ತದೆ, ಇನ್ನೊಂದು ಬದಿ ಪೂರ್ತಿ ಚಪ್ಪಟೆ. ಕೊಯ್ಲು ನೇರ ಹೋಗುವುದು ಆ ಚಪ್ಪಟೆ ಬದಿ ಕಡ್ಡಿಗೆ ಒರಗಿ ಸಾಗುವುದರಿಂದ. ಆ ಬದಿಗೆ ಎಂದೂ ಓರೆ ಕೊಡಬಾರದು. ಕಲ್ಲಿನ ಮೇಲೆ ಪೂರ್ತಿ ಮಲಗಿಸಿ ಒಂದೆರಡು ಸಲ ಎಳೆದರೆ ಸಾಕು, ಅದೂ ಮುಳ್ಳು ತೆಗೆಯಲು. ಎಡಗೈಯವರು ಕೊಳ್ಳುವಾಗಲೇ ನೋಡಿ ತರಬೇಕು, ಬಲಗೈಯವರ ಚೂರಿಯ ಓರೆ ಅವರಿಗೆ ತಿರುಗುಮುರುಗು.

ಮಸೆಯುವ ಕ್ರಮ

ಕಲ್ಲನ್ನು ಒದ್ದೆ ಗೋಣಿಯ ಮೇಲಿಡಿ, ಜಾರುವುದಿಲ್ಲ. ಒರಟು ಬದಿಯಿಂದ ಸುರು. ಹಿಡಿಯ ಬುಡದಿಂದ ಮೊನೆಯವರೆಗೆ ಇಡೀ ಬಾಯಿ ಕಲ್ಲಿಗೆ ತಾಗುವಂತೆ, ಕಲ್ಲಿನಿಂದ ತೆಳ್ಳಗೆ ಒಂದು ಪದರ ಕೆತ್ತುವವರ ಹಾಗೆ ಎಳೆಯಿರಿ. ಒಂದೇ ಬದಿಗೆ 20-30 ಸಲ. ಆಮೇಲೆ ಆಚೆ ಬದಿಯಲ್ಲಿ ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯ ಹೊರಕ್ಕೆ ಸವರಿ ನೋಡಿ. ಬಾಯಿಯ ಉದ್ದಕ್ಕೆ ಸವರಿದರೆ ಬೆರಳು ಹೋದೀತು, ಅಡ್ಡಕ್ಕೆ ಮಾತ್ರ. ದೊರಗು ತಡೆ ಸಿಕ್ಕಿತೇ? ಅದೇ ಮುಳ್ಳು. ಅದು ಬುಡದಿಂದ ಮೊನೆಯವರೆಗೂ ಸಿಗಬೇಕು. ಎಲ್ಲಿ ಸಿಗುವುದಿಲ್ಲವೋ ಅಲ್ಲಿ ಕಲ್ಲು ಇನ್ನೂ ತುದಿ ಮುಟ್ಟಿಲ್ಲ, ಮುಂದುವರಿಸಿ. ಹೊಸ ಚೂರಿಗೆ ಮೊದಲ ಸಲ ಅರ್ಧ ಗಂಟೆ ಹಿಡಿದರೂ ಬೇಸರ ಬೇಡ. ಮುಳ್ಳು ಏಳುವ ಮೊದಲೇ ಬದಿ ಬದಲಿಸುತ್ತಾ ಹೋದರೆ ದಿನವಿಡೀ ಮಸೆದರೂ ಬಾಯಿ ಬರಲಿಕ್ಕಿಲ್ಲ.

ಒಂದು ಬದಿ ಆಯಿತು, ಇನ್ನು ಆಚೆ ಬದಿ. ಮುಳ್ಳು ಈಚೆಗೆ ಬರುವವರೆಗೆ. ಬಳಿಕ ಕಲ್ಲು ಮಗುಚಿ ನಯ ಬದಿಯಲ್ಲಿ ಇದನ್ನೇ ಹಗುರಕ್ಕೆ ಮಾಡಿ, ಕೊನೆಗೆ ಆಚೆಗೊಂದು ಈಚೆಗೊಂದು ಎಳೆತ. ನಮ್ಮ ತೋಟದಲ್ಲಿ ಕೊನೆ ತೆಗೆಯುವ ಹಿರಿಯರೊಬ್ಬರು ನನ್ನ ಕೈ ನೋಡಿ ಹೇಳಿದ್ದರು, "ಒತ್ತಬೇಡಿ ಅಣ್ಣಾ, ಈಗ ಚೂರಿಯ ಭಾರವೇ ಸಾಕು." ಒತ್ತಿದಷ್ಟೂ ಹೊಸ ಮುಳ್ಳು ಏಳುತ್ತದೆ.

ಉಳಿದ ಚೂರುಪಾರು ಮುಳ್ಳು ಹೋಗುವುದು ತೊಗಲಿನ ಮೇಲೆ. ಹಳೆಯ ಬೆಲ್ಟನ್ನು ರೀಪಿನ ತುಂಡಿಗೆ ಅಂಟಿಸಿ, ಕ್ಷೌರಿಕರು ಮಾಡುತ್ತಿದ್ದಂತೆ ಬಾಯಿ ಹಿಂದೆ ಮಾಡಿ ಹತ್ತು ಸಲ ಸವರಿ. ಬೆಲ್ಟ್ ಇಲ್ಲದಿದ್ದರೆ ಹಲಗೆಗೆ ಸುತ್ತಿದ ಪೇಪರಾದರೂ ಆದೀತು. ಮೂರ್ತೆಯವರು ಮರದ ಹಲಗೆಗೆ ಬೆಣಚುಕಲ್ಲಿನ ನಯ ಹುಡಿ ಹಾಕಿ ಕತ್ತಿ ತಿಕ್ಕುವುದನ್ನು ನೋಡಿದವರಿಗೆ ಇದೇನೂ ಹೊಸತಲ್ಲ. ಬೆಣಚುಕಲ್ಲು ಉಕ್ಕಿಗಿಂತ ಗಟ್ಟಿ, ಅದಕ್ಕೇ ಅದು ಮಸೆಯುತ್ತದೆ. ಮಣ್ಣು ಮೆತ್ತಿದ ಬೇರು ಕೊಯ್ದರೆ ಚೂರಿ ಕೂಡಲೇ ಮೊಂಡಾಗುವುದೂ ಅದೇ ಕಾರಣಕ್ಕೆ, ಮಣ್ಣಿನ ಮರಳಿನಲ್ಲಿರುವುದು ಅದೇ ಕಲ್ಲು. ಕಸಿಯ ಚೂರಿಯನ್ನು ಪಾಲಿಥಿನ್ ತೊಟ್ಟೆ ಹರಿಯಲು, ಗೋಣಿಯ ದಾರ ಕೊಯ್ಯಲು ಮನೆಯವರ ಕೈಗೆ ಕೊಡಬೇಡಿ. ಈ ಒಂದು ವಿಷಯದಲ್ಲಿ ಜಿಪುಣರೆನಿಸಿಕೊಂಡರೂ ಅಡ್ಡಿಯಿಲ್ಲ.

ಹರಿತ ಬಂತೋ ಇಲ್ಲವೋ ತಿಳಿಯಲು ಬಾಯಿಯನ್ನು ಮೇಲೆ ಮಾಡಿ ಬಿಸಿಲಿಗೆ ಹಿಡಿಯಿರಿ. ಹರಿತ ಇರುವಲ್ಲಿ ಏನೂ ಕಾಣುವುದಿಲ್ಲ. ಮೊಂಡು ಉಳಿದ ಜಾಗ ಬಿಳಿ ಗೆರೆಯಾಗಿ ಮಿನುಗುತ್ತದೆ. ಹೆಬ್ಬೆರಳ ಉಗುರಿನ ಮೇಲೆ ಒತ್ತದೆ ಓರೆಯಾಗಿ ಇಟ್ಟು ನೋಡಿದರೂ ಸರಿ, ಹರಿತವಾದದ್ದು ಕಚ್ಚಿ ನಿಲ್ಲುತ್ತದೆ, ಮೊಂಡಾದದ್ದು ಜಾರುತ್ತದೆ.

ಕಸಿ ಕಟ್ಟುವ ದಿನ ನಾನು ಇಪ್ಪತ್ತೈದು ಕಡ್ಡಿಗೊಮ್ಮೆ ಬೆಲ್ಟಿಗೆ ಸವರುತ್ತೇನೆ, ಸಂಜೆ ನಯ ಕಲ್ಲಿಗೆ ನಾಲ್ಕೈದು ಎಳೆತ. ಸೊನೆ ಅಂಟಿದರೆ ಸ್ಪಿರಿಟ್ ಬಟ್ಟೆಯಲ್ಲಿ ಒರೆಸಬೇಕು. ಸ್ಟೀಲಿನದ್ದಲ್ಲದ ಚೂರಿ ಕಪ್ಪಾದರೆ ಹೆದರಬೇಡಿ, ಹಸಿ ಅಡಿಕೆ ಕೊಯ್ದ ಕತ್ತಿ ಕಪ್ಪಾಗುವ ಹಾಗೆಯೇ ಅದು, ಒಗರು ಮತ್ತು ಕಬ್ಬಿಣ ಸೇರಿದ್ದು. ಹರಿತಕ್ಕೆ ಅದರಿಂದ ಕೊರತೆಯಿಲ್ಲ, ಮಸೆಯಲೂ ಇಂಥದ್ದೇ ಸುಲಭ. ಕೆಲಸ ಮುಗಿದ ಮೇಲೆ ತೆಂಗಿನೆಣ್ಣೆ ಸವರಿಡಿ, ಮರುದಿನ ಕಡ್ಡಿ ಮುಟ್ಟುವ ಮೊದಲು ಆ ಎಣ್ಣೆಯನ್ನು ಚೆನ್ನಾಗಿ ಒರೆಸಿ ತೆಗೆಯಿರಿ.

ವರ್ಷಗಟ್ಟಲೆ ಮಸೆದ ಕಲ್ಲು ನಡುವೆ ತಗ್ಗಾಗುತ್ತದೆ. ಅದರ ಮೇಲೆ ಚಪ್ಪಟೆ ಬದಿ ಚಪ್ಪಟೆಯಾಗಿ ಉಳಿಯದು. ಅಂಗಳದ ಸಿಮೆಂಟಿನ ಮೇಲೆ ಒಂದು ಹಿಡಿ ಮರಳು, ನೀರು ಹಾಕಿ ಕಲ್ಲನ್ನು ಬೋರಲು ಮಾಡಿ ಸುತ್ತಸುತ್ತ ತಿಕ್ಕಿ. ಹೊತ್ತು ಹಿಡಿಯುತ್ತದೆ, ಆದರೆ ಮಟ್ಟಕ್ಕೆ ಬರುತ್ತದೆ.