ಎಣಿಕೆಗೆ ಸಿಗದ ಬಳಕೆದಾರರು

ಮಾರಾಟಕ್ಕಿರುವ ಸರಕನ್ನು ಎಷ್ಟು ಮಂದಿ ಕೊಂಡರೆಂಬುದನ್ನು ತಿಳಿಯುವುದು ಕಷ್ಟವಲ್ಲ. ಅಂಗಡಿಯ ರಶೀದಿ ಪುಸ್ತಕವೇ ಅದಕ್ಕೆ ಸಾಕ್ಷಿ. ಆದರೆ ಬೆಲೆಯಿಲ್ಲದೆ ದೊರೆಯುವ, ಯಾರು ಬೇಕಾದರೂ ನಕಲು ಮಾಡಿ ಮತ್ತೊಬ್ಬರಿಗೆ ಕೊಡಬಹುದಾದ ವಸ್ತುವಿನ ಲೆಕ್ಕ ಹಿಡಿಯುವುದು ಹೇಗೆ? ಗಣಕಯಂತ್ರ ಲೋಕದಲ್ಲಿ ‘ವೈನ್’ ಎಂಬ ತಂತ್ರಾಂಶವು ಈ ಪ್ರಶ್ನೆಯನ್ನು ಮೂವತ್ತು ವರ್ಷಗಳಿಗೂ ಮೀರಿ ನಮ್ಮ ಮುಂದಿರಿಸಿದೆ.

ಕಚೇರಿಯಲ್ಲಿ ಕುಳಿತು ಪತ್ರ, ಬಿಲ್ಲು, ಲೆಕ್ಕಪತ್ರಗಳನ್ನು ಸಿದ್ಧಪಡಿಸುವ ನಮ್ಮ ಗುಮಾಸ್ತ ಬಂಧುಗಳಿಗೆ ಮೈಕ್ರೋಸಾಫ್ಟ್ ಕಂಪೆನಿಯ ‘ವಿಂಡೋಸ್’ ಅಪರಿಚಿತವಲ್ಲ. ಅದಕ್ಕೆಂದು ರಚಿತವಾದ ಪ್ರೋಗ್ರಾಮು, ಉಚಿತವಾಗಿ ದೊರೆಯುವ ‘ಲಿನಕ್ಸ್’ ವ್ಯವಸ್ಥೆಯಲ್ಲಿ ತಾನಾಗಿ ನಡೆಯದು. ಕಡತ ತೆರೆಯಬೇಕಾದರೂ, ತೆರೆಯ ಮೇಲೆ ಅಕ್ಷರ ಮೂಡಿಸಬೇಕಾದರೂ ಪ್ರೋಗ್ರಾಮು ವಿಂಡೋಸನ್ನೇ ಕೇಳುತ್ತದೆ. ವೈನ್ ಆ ಬೇಡಿಕೆಯನ್ನು ಅರ್ಥಮಾಡಿಕೊಂಡು ಲಿನಕ್ಸಿನಿಂದ ಕೆಲಸ ಮಾಡಿಸಿಕೊಡುತ್ತದೆ. ದುಭಾಷಿಯಂತಹ ಕೆಲಸ ಇದು. 1993ರಲ್ಲಿ ಬಾಬ್ ಆಮ್‌ಸ್ಟಾಡ್ಟ್ ಮತ್ತು ಎರಿಕ್ ಯಂಗ್‌ಡೇಲ್ ಎಂಬವರು ಇದನ್ನು ಪ್ರಾರಂಭಿಸಿದರು. ಮರುವರ್ಷದಿಂದ ಅಲೆಕ್ಸಾಂಡರ್ ಜೂಲಿಯಾರ್ ಅವರು ಇದರ ಹೊಣೆ ಹೊತ್ತಿದ್ದಾರೆ. ಹದಿನೈದು ವರ್ಷಗಳ ದುಡಿಮೆಯ ಬಳಿಕ, 2008ರ ಜೂನ್ ತಿಂಗಳಲ್ಲಿ ಇದರ 1.0 ಆವೃತ್ತಿ ಹೊರಬಂದಿತು.

ಬಳಕೆದಾರರ ಸಂಖ್ಯೆ ತಿಳಿದು ಆಗಬೇಕಾದುದೇನು ಎಂದು ಓದುಗರು ಕೇಳಬಹುದು. ಆಗಬೇಕಾದುದು ಬಹಳವಿದೆ. ಪ್ರೋಗ್ರಾಮು ರಚಿಸಿ ಮಾರುವ ವ್ಯಾಪಾರಿಯು, ‘ಲಿನಕ್ಸಿನಲ್ಲಿ ನಿಮ್ಮ ಪ್ರೋಗ್ರಾಮು ಕೆಡುತ್ತಿದೆ, ಸರಿಪಡಿಸಿಕೊಡಿ’ ಎಂಬ ಕೋರಿಕೆ ಬಂದಾಗ ಮೊದಲು ಕೇಳುವ ಪ್ರಶ್ನೆ ‘ನೀವು ಎಷ್ಟು ಮಂದಿ?’ ಎಂಬುದೇ. ಉತ್ತರವಿಲ್ಲದಿದ್ದರೆ ಕೋರಿಕೆ ಮೂಲೆಗೆ ಬೀಳುತ್ತದೆ. ಲೆಕ್ಕಕ್ಕೆ ಬಾರದವನು ವ್ಯಾಪಾರದ ಕಣ್ಣಿನಲ್ಲಿ ಇಲ್ಲದವನೇ ಸರಿ.

ಮೊದಲು ಹೊಳೆಯುವ ಉಪಾಯವೆಂದರೆ, ಅಂತರಜಾಲದಿಂದ ಎಷ್ಟು ಪ್ರತಿಗಳು ಇಳಿಸಲ್ಪಟ್ಟವೆಂದು ಎಣಿಸುವುದು. ಇದರ ದೋಷವನ್ನು ಹೋಟೆಲಿನ ಗಲ್ಲೆಯಲ್ಲಿ ಕೂತವರು ಯಾರೂ ಬೇಗ ತಿಳಿಯಬಲ್ಲರು. ಸಂಜೆ ಕಾಫಿಯ ಕೂಪನ್ನುಗಳನ್ನು ಎಣಿಸಿದರೆ ಬಂದ ಗಿರಾಕಿಗಳ ಸಂಖ್ಯೆ ಸಿಗುವುದೆ? ಒಬ್ಬನೇ ಮೂರು ಸಲ ಕುಡಿದಿರಬಹುದು. ಒಂದೇ ಕೂಪನ್ನಿನಲ್ಲಿ ಇಬ್ಬರು ‘ಬೈ-ಟು’ ಮಾಡಿರಬಹುದು. ವೈನಿನ ಪ್ರಯೋಗಾವೃತ್ತಿಗಳು ಸಾಮಾನ್ಯವಾಗಿ ಎರಡು ವಾರಕ್ಕೊಂದರಂತೆ ಹೊರಬರುವುದರಿಂದ, ಒಬ್ಬನೇ ವರ್ಷಕ್ಕೆ ಇಪ್ಪತ್ತೈದು ಸಲ ಇಳಿಸಿಕೊಳ್ಳಬಹುದು. ಅತ್ತ ಒಂದು ಕಚೇರಿಯು ಒಮ್ಮೆ ಇಳಿಸಿಕೊಂಡದ್ದನ್ನು ನೂರು ಯಂತ್ರಗಳಲ್ಲಿ ಸ್ಥಾಪಿಸಬಹುದು. ಒಂದು ತಪ್ಪು ಸಂಖ್ಯೆಯನ್ನು ಉಬ್ಬಿಸುತ್ತದೆ, ಇನ್ನೊಂದು ಕುಗ್ಗಿಸುತ್ತದೆ. ಎರಡೂ ಸರಿದೂಗುವುವೆಂದು ನಂಬಲು ಆಧಾರವಿಲ್ಲ.

ಎರಡನೆಯ ಉಪಾಯ, ಬಳಸುವವರನ್ನೇ ಕೇಳುವುದು. ‘ಡೆಬಿಯನ್’ ಎಂಬ ಲಿನಕ್ಸ್ ಬಳಗವು ಇದಕ್ಕೊಂದು ಸಭ್ಯ ಕ್ರಮವನ್ನಿಟ್ಟುಕೊಂಡಿದೆ. ಯಂತ್ರದಲ್ಲಿರುವ ಪ್ರೋಗ್ರಾಮುಗಳ ಪಟ್ಟಿಯನ್ನು ವಾರಕ್ಕೊಮ್ಮೆ ಹೆಸರಿಲ್ಲದೆ ಕಳುಹಿಸಬಹುದೆ ಎಂದು ಒಡೆಯನ ಅನುಮತಿ ಬೇಡುತ್ತದೆ. ಬರಿದೆ ಸ್ಥಾಪಿತವಾಗಿರುವುದನ್ನೂ ನಿಜವಾಗಿ ಬಳಕೆಯಲ್ಲಿರುವುದನ್ನೂ ಬೇರೆಬೇರೆಯಾಗಿ ಎಣಿಸುತ್ತದೆಂಬುದು ಈ ಕ್ರಮದ ಹೆಚ್ಚುಗಾರಿಕೆ. ಆದರೆ ಒಡೆಯನು ತಾನಾಗಿ ಒಪ್ಪದ ಹೊರತು ಉತ್ತರ ‘ಬೇಡ’ ಎಂದೇ ಇರುತ್ತದೆ. ಆದುದರಿಂದ ಒಪ್ಪಿದವರಲ್ಲಿ ಶೇಕಡಾ ಎಷ್ಟು ಮಂದಿ ಎಂಬುದಷ್ಟೇ ಅಲ್ಲಿ ಸಿಗುವ ಉತ್ತರ. ಒಪ್ಪದವರೂ ಹಾಗೆಯೇ ಇರುವರೆನ್ನುವುದು ಊಹೆ ಮಾತ್ರ.

ಮೂರನೆಯದು, ತಿಳಿದ ಸಂಖ್ಯೆಯಿಂದ ತಿಳಿಯದುದಕ್ಕೆ ನಡೆಯುವ ಗಣಿತ. ವಾಲ್ವ್ ಕಂಪೆನಿಯು 2018ರ ಆಗಸ್ಟಿನಲ್ಲಿ ವೈನನ್ನು ಆಧಾರವಾಗಿಟ್ಟುಕೊಂಡ ‘ಪ್ರೋಟಾನ್’ ಎಂಬುದನ್ನು ತನ್ನ ‘ಸ್ಟೀಮ್’ ಎಂಬ ಆಟಗಳ ಮಳಿಗೆಯಲ್ಲಿ ಸೇರಿಸಿತು. 2021ರಲ್ಲಿ ತಿಂಗಳಿಗೆ 13 ಕೋಟಿ 20 ಲಕ್ಷ ಮಂದಿ ಸ್ಟೀಮ್ ಬಳಸುತ್ತಿದ್ದರೆಂದು ಆ ಕಂಪೆನಿಯೇ ಪ್ರಕಟಿಸಿದೆ. ಅದರ ಮಾಸಿಕ ಸಮೀಕ್ಷೆಯಲ್ಲಿ ಲಿನಕ್ಸಿನವರು ಆ ವರ್ಷ ಶೇಕಡಾ 1ರಷ್ಟಿದ್ದರು. ಗುಣಿಸಿ ನೋಡಿದರೆ ಸುಮಾರು 13 ಲಕ್ಷ. ಆದರೆ ಇವರಲ್ಲಿ ಕೆಲವರು ಲಿನಕ್ಸಿಗೆಂದೇ ರಚಿತವಾದ ಆಟಗಳನ್ನಷ್ಟೇ ಆಡುವವರು, ಅವರನ್ನು ಕಳೆಯಬೇಕು. ಆಟದ ಗೊಡವೆಯೇ ಇಲ್ಲದೆ ಹಳೆಯ ಲೆಕ್ಕದ ಪ್ರೋಗ್ರಾಮಿಗಾಗಿ ವೈನ್ ಇಟ್ಟುಕೊಂಡವರನ್ನು ಕೂಡಿಸಬೇಕು. ಕಳೆಯುವುದೆಷ್ಟು, ಕೂಡಿಸುವುದೆಷ್ಟು ಎಂಬುದಕ್ಕೆ ಈ ಸಮೀಕ್ಷೆಯಲ್ಲಿ ಅಂಕೆಯಿಲ್ಲ. ಮೇಲಾಗಿ 2022ರ ಫೆಬ್ರವರಿಯಲ್ಲಿ ‘ಸ್ಟೀಮ್ ಡೆಕ್’ ಎಂಬ ಕೈಯಂತ್ರ ಬಂದ ಮೇಲೆ ಚಿತ್ರವೇ ಬದಲಾಗಿದೆ. 2025ರ ಅಕ್ಟೋಬರ್ ಸಮೀಕ್ಷೆಯಲ್ಲಿ ಲಿನಕ್ಸಿನವರು ಶೇಕಡಾ 3ನ್ನು ದಾಟಿದ್ದಾರೆ.

ಇಲ್ಲಿಯೇ ಮತ್ತೊಂದು ತೊಡಕು. ಆ ಕೈಯಂತ್ರ ಹಿಡಿದು ಆಡುವ ಬಾಲಕನಿಗೆ ವೈನ್ ಎಂಬ ಹೆಸರೇ ತಿಳಿದಿರಲಾರದು. ಕೇಳಿದರೆ ‘ನಾನು ಬಳಸುವುದಿಲ್ಲ’ ಎಂದಾನು. ಅವನನ್ನು ಬಳಕೆದಾರನೆನ್ನಬೇಕೆ? ವರ್ಷಕ್ಕೊಮ್ಮೆ ಒಂದು ಅರ್ಜಿ ತುಂಬಲು ಮಾತ್ರ ತೆರೆಯುವವನನ್ನು? ಬಳಕೆದಾರನೆಂದರೆ ಯಾರೆಂಬುದನ್ನು ಮೊದಲು ನಿಶ್ಚಯಿಸದೆ ಹೇಳಿದ ಸಂಖ್ಯೆ ಎಷ್ಟೇ ದೊಡ್ಡದಾಗಿದ್ದರೂ ಅರ್ಥಹೀನ.

ಹಾಗಾದರೆ ವೈನಿನೊಳಗೇ ಒಂದು ಗುಟ್ಟಿನ ಎಣಿಕೆಗಾರನನ್ನು ಕೂಡಿಸಬಾರದೆ? ಕೂಡಿಸಬಹುದು, ಆದರೆ ಮೂಲ ಬರಹ ಎಲ್ಲರಿಗೂ ತೆರೆದಿರುವುದರಿಂದ ಯಾರಾದರೂ ಅದನ್ನು ಕಿತ್ತೊಗೆದು ಹಂಚಿಯಾರು. ಮೇಲಾಗಿ ಯಾರ ಕಣ್ಗಾವಲೂ ಬೇಡವೆಂದೇ ಇಂತಹ ತಂತ್ರಾಂಶವನ್ನು ಆರಿಸಿಕೊಂಡವರ ಮನೆಯಲ್ಲಿ ಗೂಢಚಾರನನ್ನಿರಿಸುವುದು ಉಚಿತವೂ ಅಲ್ಲ. ಊರು ಬಿಟ್ಟು ಬಂದ ಕನ್ನಡಿಗರ ಲೆಕ್ಕ ಸರಕಾರಕ್ಕೆ ಸಿಗುವುದು, ಜನಗಣತಿಯವರು ಮನೆಬಾಗಿಲಿಗೆ ಬಂದು ಮಾತೃಭಾಷೆ ಯಾವುದೆಂದು ಎದುರಿಗೇ ಕೇಳುವುದರಿಂದ. ವೈನಿನ ಬಳಕೆದಾರರ ಬಾಗಿಲಿಗೆ ಹೋಗುವ ಗಣತಿದಾರರಿಲ್ಲ.

ಆದುದರಿಂದ ‘ಇಂತಿಷ್ಟೇ ಮಂದಿ’ ಎಂದು ಖಂಡಿತವಾಗಿ ಹೇಳುವವರ ಮಾತನ್ನು ನಾವು ಸಂದೇಹದಿಂದಲೇ ಕೇಳಬೇಕು. ‘ಇಷ್ಟಕ್ಕೆ ಕಡಿಮೆಯಿರಲಾರದು, ಇಷ್ಟನ್ನು ಮೀರಿರಲಾರದು, ಲೆಕ್ಕ ತಪ್ಪಿದ್ದರೆ ಈ ಕಡೆಗೆ ತಪ್ಪಿರುತ್ತದೆ’ ಎನ್ನುವವನದು ಪ್ರಾಮಾಣಿಕ ಅಂದಾಜು. ಮತ್ತು ನಮ್ಮಲ್ಲಿ ಯಾರಾದರೂ ಇಂತಹ ತಂತ್ರಾಂಶವನ್ನು ಬಳಸುತ್ತಿದ್ದು, ಹೆಸರು ಕೇಳದ ಗಣತಿಯೊಂದು ಅನುಮತಿ ಬೇಡಿದರೆ, ‘ಆಗಲಿ’ ಎನ್ನುವುದರಿಂದ ನಷ್ಟವಿಲ್ಲ. ವ್ಯಾಪಾರಿಯು ಕೇಳುವ ‘ಎಷ್ಟು ಮಂದಿ?’ ಎಂಬ ಪ್ರಶ್ನೆಗೆ ಉತ್ತರ ಕೂಡುವುದು ಇಂತಹ ಒಂದೊಂದು ಒಪ್ಪಿಗೆಯಿಂದಲೇ.