ಬ್ರೋಚಿನ ಬೆನ್ನಿನ ಬರಹ: ಒಂದು ಒಡವೆ, ಎರಡು ಭಾಷೆ

ಗಡಿನಾಡ ಕನ್ನಡದ ಪುರಾವೆ ಅಂದಕೂಡಲೇ ನಾವು ಶಿಲಾಶಾಸನಕ್ಕೆ ಹೋಗ್ತೀವಿ. ನಾನು ಇವತ್ತು ಅಂಗೈಯಲ್ಲಿ ಹಿಡಿಯುವಂಥ ಒಂದು ವಸ್ತುವಿನ ಬಗ್ಗೆ ಮಾತಾಡ್ತೀನಿ. ಅದು ಸ್ಕಾಟ್ಲೆಂಡಿನದು, ಆದರೆ ಅದು ಎತ್ತುವ ಪ್ರಶ್ನೆ ನಮಗೂ ಸಂಬಂಧಪಟ್ಟದ್ದು.

ಮಧ್ಯಯುಗದ ಯುರೋಪಿನಲ್ಲಿ ಬ್ರೋಚ್ ಬರೀ ಶೋಕಿಯ ಒಡವೆ ಆಗಿರಲಿಲ್ಲ. ಹೊದ್ದ ಉಣ್ಣೆಬಟ್ಟೆ ಹೆಗಲಿನಿಂದ ಜಾರದಂತೆ ಹಿಡಿಯುವ ಲೋಹದ ಪಿನ್ನು ಅದು. ನಮ್ಮ ಸೀರೆ, ಧೋತರ ಸುತ್ತಿ ಸಿಕ್ಕಿಸಿದರೆ ನಿಲ್ತಾವ; ಅವರ ಹೊದಿಕೆಗೆ ಪಿನ್ನು ಬೇಕಿತ್ತು. ಸಾಮಾನ್ಯರದು ತಾಮ್ರ ಬೆರೆತ ಲೋಹದ್ದು, ಸಿರಿವಂತರದು ಬೆಳ್ಳಿಯದು.

ಹಂಟರ್‌ಸ್ಟನ್ ಬ್ರೋಚ್ ಸುಮಾರು ಕ್ರಿ.ಶ. 700ರ ಹೊತ್ತಿನದು. ಎರಕದ ಬೆಳ್ಳಿ, ಮೇಲೆ ಚಿನ್ನದ ಮುಲಾಮು, ಚಿನ್ನದ ತಂತಿಯ ಕುಸುರಿ, ಅಂಬರಿನ ತುಣುಕುಗಳು. 19ನೇ ಶತಮಾನದ ಮೊದಲ ಭಾಗದಲ್ಲಿ ಪಶ್ಚಿಮ ಕರಾವಳಿಯ ಏರ್‌ಶೈರ್‌ನಲ್ಲಿ ಸಿಕ್ಕಿತು. ಈಗ ಎಡಿನ್‌ಬರೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.

ಅದರ ಬೆನ್ನು ತಿರುಗಿಸಿ ನೋಡ್ರಿ. ಈ ಬ್ರೋಚ್ ಮೆಲ್‌ಬ್ರಿಗ್ಡನದು ಎಂದು ರೂನ್ ಲಿಪಿಯಲ್ಲಿ ಗೀರಿದ್ದಾರೆ. ಬರಹ 10ನೇ ಶತಮಾನದ್ದು, ಅಂದರೆ ಒಡವೆಗಿಂತ ಇನ್ನೂರಕ್ಕೂ ಹೆಚ್ಚು ವರ್ಷ ಈಚಿನದು. ಲಿಪಿ, ಭಾಷೆ ಎರಡೂ ಸ್ಕ್ಯಾಂಡಿನೇವಿಯಾದಿಂದ ಬಂದವರದು. ಹೆಸರು ಮಾತ್ರ ಗೇಲಿಕ್. ಸಂತ ಬ್ರಿಜಿಡ್‌ಳ ಭಕ್ತ ಎಂದು ಅರ್ಥ. ಹಂಗಾದ್ರ ಇವನು ಯಾರ ಪೈಕಿ? ಲಿಪಿ ಒಂದನ್ನೇ ನೋಡಿ ಹೇಳೋಕಾಗಲ್ಲ. ಅಕ್ಕಲಕೋಟೆ ಕಡೆ ಮಲ್ಲಪ್ಪ, ನೀಲವ್ವ ಅನ್ನೋ ಹೆಸರು ರೇಷನ್ ಕಾರ್ಡಿನಲ್ಲಿ ದೇವನಾಗರಿಯಲ್ಲಿ ಇರ್ತಾವಲ್ಲ, ಹಾಂಗ.

ಸಿಕ್ಕ ಜಾಗವೂ ಅಷ್ಟೇ ಮುಖ್ಯ. ಐರ್ಲೆಂಡಿನ ಪ್ರಸಿದ್ಧ ತಾರಾ ಬ್ರೋಚ್ 1850ರಲ್ಲಿ ಸಿಕ್ಕಿದ್ದು ಬೆಟ್ಟಿಸ್ಟೌನ್ ಎಂಬ ಕಡಲತೀರದ ಊರಿನಲ್ಲಿ. ಅದನ್ನು ಕೊಂಡ ಡಬ್ಲಿನ್ನಿನ ಒಡವೆ ವ್ಯಾಪಾರಿ, ಹಳೆಯ ಅರಸರ ನೆಲೆಯೆಂದು ಹೆಸರಾದ ತಾರಾ ಗುಡ್ಡದ ಹೆಸರಿಟ್ಟ. ಗುಡ್ಡಕ್ಕೂ ಒಡವೆಗೂ ಸಂಬಂಧ ಇಲ್ಲ. ಆದರೂ ವ್ಯಾಪಾರದ ಹೆಸರೇ ಉಳೀತು, ಊರಿನ ಹೆಸರು ಹಿಂದೆ ಬಿತ್ತು.

ಈಗ ನಮ್ಮ ಮನೆಗಳಿಗೆ ಬರೋಣ. ತಾಮ್ರದ ಕೊಡ, ಹಿತ್ತಾಳೆ ಪರಾತ, ಕಂಚಿನ ತಾಟು — ಇವುಗಳ ಮೇಲೆ ಹೆಸರು ಕೊರೆಸೋ ರೂಢಿ ನಮ್ಮಲ್ಲಿದೆ. ಮೆಲ್‌ಬ್ರಿಗ್ಡ ಮಾಡಿದ್ದೂ ಅದನ್ನೇ. ಗಡಿಯ ಮನೆಗಳಲ್ಲಿ ಅಜ್ಜಿಯ ಹೆಸರು ಕನ್ನಡದಲ್ಲಿ, ಮೊಮ್ಮಗಳದು ದೇವನಾಗರಿಯಲ್ಲಿ ಇದ್ದೀತು. ಒಂದೇ ಮನೆತನದ ಎರಡು ಕಾಲದ ಅಕ್ಷರಗಳವು. ಯಾವ ಗ್ರಂಥಾಲಯದಲ್ಲೂ ಈ ದಾಖಲೆ ಸಿಗೂದಿಲ್ಲ. ಮೋಡಕಾದವನ ತಕ್ಕಡಿಯಲ್ಲಿ ಕಿಲೋ ಲೆಕ್ಕದಲ್ಲಿ ಹೋಗ್ತದೆ.

ಅದಕ್ಕೆ ನನ್ನ ವಿನಂತಿ ಇಷ್ಟೇ. ಹಳೆ ಪಾತ್ರೆ ಮಾರೋ ಮೊದಲು ಅದರ ಮೇಲಿನ ಹೆಸರಿನ ಫೋಟೋ ತೆಗೀರಿ. ಯಾರದು, ಯಾವ ಊರಿನದು, ಯಾವ ಮದುವೆಗೆ ಬಂದದ್ದು ಅಂತ ಬರೆದಿಡ್ರಿ. ಭಾಷೆ ಯಾವುದಾದರೂ ಇರಲಿ, ಹಾಂಗೇ ಬರೀರಿ. ನಮಗೆ ಬೇಕಾದ ಉತ್ತರಕ್ಕೆ ತಕ್ಕಂತೆ ಆರಿಸಿದರೆ ಅದು ಪುರಾವೆ ಆಗೂದಿಲ್ಲ.