ಗೋಡೆ ಎಷ್ಟು ಸದ್ದು ನುಂಗುತ್ತದೆ? ಅಳೆಯುವ ಬಗೆ ಇಲ್ಲಿದೆ

ಬೆಂಗಳೂರು: ಕಾಟನ್‌ಪೇಟೆ ಮುಖ್ಯರಸ್ತೆಯಲ್ಲಿ ಆಟೋವೊಂದು ಹಾರ್ನ್ ಹಾಕಿದರೆ ಸದ್ದು ಅಲ್ಲಿಗೇ ಮುಗಿಯುವುದಿಲ್ಲ. ಎರಡೂ ಬದಿ ಒತ್ತಾಗಿ ನಿಂತ ಗಾರೆ ಗೋಡೆ, ಮಳಿಗೆಗಳ ಕಬ್ಬಿಣದ ಷಟರುಗಳಿಗೆ ಬಡಿದು ಮರಳುತ್ತದೆ. ಬಣ್ಣ ಬಳಿದ ಗಾರೆ ಗೋಡೆ ತನ್ನ ಮೇಲೆ ಬಿದ್ದ ಶಬ್ದಶಕ್ತಿಯಲ್ಲಿ ಹೀರಿಕೊಳ್ಳುವುದು ಸಾಮಾನ್ಯವಾಗಿ ಶೇ 5ಕ್ಕೂ ಕಡಿಮೆ. ಉಳಿದದ್ದರಲ್ಲಿ ಬಹುಪಾಲು ಎದುರುಮನೆಗೆ.

2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ಆದರೆ ಡೆಸಿಬಲ್ ಮಾಪಕ ತೋರುವುದು ಒಟ್ಟು ಸದ್ದನ್ನು ಮಾತ್ರ. ನೇರವಾಗಿ ಬಂದದ್ದೆಷ್ಟು, ಗೋಡೆಯಿಂದ ಮರಳಿದ್ದೆಷ್ಟು ಎಂದು ಅದು ಬಿಡಿಸಿ ಹೇಳದು.

ತಡೆಯುವುದು ಬೇರೆ, ಹೀರುವುದು ಬೇರೆ

ರಸ್ತೆ ಬದಿಯ ಕಾಂಕ್ರೀಟ್ ತಡೆಗೋಡೆ ಹಿಂದಿನ ಮನೆಗೆ ಸದ್ದು ತಲುಪದಂತೆ ತಡೆದೀತು. ಅದೇ ಸದ್ದನ್ನು ರಸ್ತೆಯಾಚೆಯ ಮನೆಯತ್ತ ತಿರುಗಿಸಲೂಬಹುದು. ಇಕ್ಕಟ್ಟಾದ ಪೇಟೆಗಳಲ್ಲಿ ಹೀರುವ ಗುಣಕ್ಕೆ ಮಹತ್ವ ಬರುವುದು ಇದರಿಂದಲೇ.

ಈ ಗುಣವನ್ನು ಅಳೆಯುವ ದಾರಿಯನ್ನು 1890ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸಬೀನ್ ತೋರಿದರು. ಮುಚ್ಚಿದ ಕೋಣೆಯಲ್ಲಿ ಸದ್ದು ಅಡಗಲು ಹಿಡಿಯುವ ಸಮಯವೇ ಅವರ ಅಳತೆಗೋಲು. ಆದರೆ ಪ್ರಯೋಗಾಲಯದಲ್ಲಿ ಗೆದ್ದ ಹಲಗೆ ಮಳೆ, ಧೂಳು, ಸಡಿಲ ಜೋಡಣೆಯ ನಡುವೆಯೂ ಹಾಗೆಯೇ ಇರುವುದೆಂಬ ಖಾತರಿಯಿಲ್ಲ.

ಸ್ಥಳದಲ್ಲೇ ಪರೀಕ್ಷೆ

ಇದಕ್ಕೆಂದೇ ಯೂರೋಪಿನಲ್ಲಿ 'ಇಎನ್ 1793-5' ಎಂಬ ಮಾನದಂಡ ರೂಪುಗೊಂಡಿದೆ. ಗೋಡೆಯಿಂದ 1.5 ಮೀಟರ್ ದೂರದಲ್ಲಿ ಧ್ವನಿವರ್ಧಕ, 0.25 ಮೀಟರ್ ದೂರದಲ್ಲಿ ಮೈಕ್. ನೇರ ಸದ್ದು ಮೈಕ್ ತಲುಪಲು ಸುಮಾರು 3.6 ಮಿಲಿಸೆಕೆಂಡು ಸಾಕು. ಗೋಡೆಗೆ ಬಡಿದು ಬರುವುದಕ್ಕೆ ಸುಮಾರು 5.1. ಬಯಲಿನಲ್ಲಿ ಮೊದಲೇ ದಾಖಲಿಸಿದ ನೇರ ಸದ್ದನ್ನು ಕಂಪ್ಯೂಟರ್ ಕಳೆಯುತ್ತದೆ. ಉಳಿಯುವುದು ಗೋಡೆಯ ಪ್ರತಿಫಲನ. ನೆಲ ಮತ್ತು ಎದುರು ಗೋಡೆಯ ಪ್ರತಿಧ್ವನಿಗಳು ತಡವಾಗಿ ಬರುವುದರಿಂದ ಅವನ್ನು ಕತ್ತರಿಸಬಹುದು. ಪರೀಕ್ಷಾ ಸಂಕೇತವನ್ನು ಹಲವು ಬಾರಿ ನುಡಿಸಿ ಸರಾಸರಿ ತೆಗೆದರೆ ವಾಹನಗಳ ಗದ್ದಲದ ನಡುವೆಯೂ ಅಳತೆ ಸಾಧ್ಯ.

ವಿಧಾನಕ್ಕೆ ಮಿತಿಯೂ ಉಂಟು. ಗೋಡೆ ತಗ್ಗಾಗಿದ್ದರೆ ನೆಲದ ಪ್ರತಿಧ್ವನಿ ಬೇಗನೆ ಬಂದು ಬೆರೆಯುತ್ತದೆ. ಆಗ ಲಾರಿ ಎಂಜಿನ್ನಿನಂಥ ದಪ್ಪ ಸದ್ದಿನ ಲೆಕ್ಕ ನಂಬಲರ್ಹವಲ್ಲ.

ಮೇಲ್ಸೇತುವೆ, ಮೆಟ್ರೋ ಮಾರ್ಗಗಳ ಪಕ್ಕ ತಡೆಗೋಡೆ ಕೇಳುವ ನಾಗರಿಕರು ಅದರ ಎತ್ತರವನ್ನಷ್ಟೇ ವಿಚಾರಿಸಿದರೆ ಸಾಲದು. ನಿಲ್ಲಿಸಿದ ಮೇಲೆ ಅಳೆದಿದ್ದೀರಾ, ನಾಲ್ಕು ಮಳೆಗಾಲ ಕಳೆದ ಮೇಲೆ ಮತ್ತೆ ಅಳೆಯುವಿರಾ ಎಂದೂ ಕೇಳಬೇಕು.